ಉಳಿಯ ಹದ

ಹಂಪಿಯ ಬಂಡೆಗಳಲ್ಲಿ ಕಲ್ಲುಕುಟಿಗರು ಸಾಲಾಗಿ ಕೊರೆದ ಬೆಣೆಗುಳಿಗಳನ್ನು ಇಂದಿಗೂ ಕಾಣಬಹುದು. ಕಣಶಿಲೆಯಲ್ಲಿರುವ ಬೆಣಚುಕಲ್ಲಿನ ಕಣಗಳು ಮೆದುಕಬ್ಬಿಣಕ್ಕಿಂತ ಗಡುಸು. ಅವುಗಳಿಗೆ ತಾಕಿದ ಮೊನೆ ಬೇಗನೆ ಮೊಂಡಾಗುತ್ತದೆ. ನೆರೆಯ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿದೆ. ಆದರೆ ಅದಿರು ತಾನಾಗಿ ಉಳಿಯಾಗದು. ಅದು ಉಕ್ಕಾಗಬೇಕು, ಉಕ್ಕು ಕುಲುಮೆಯಲ್ಲಿ ಹದಗೊಳ್ಳಬೇಕು.

ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಅದು ಬಲು ಗಡುಸಾಗುತ್ತದೆ. ಜೊತೆಗೆ ಪೆಡಸೂ ಆಗಿ ಏಟಿಗೆ ಸಿಡಿಯುತ್ತದೆ. ಸಿಡಿದ ಚೂರು ಕುಟಿಗನ ಕಣ್ಣನ್ನೇ ಕಳೆಯಬಲ್ಲದು. ಆದುದರಿಂದ ಕಮ್ಮಾರನು ಅದನ್ನು ಮತ್ತೊಮ್ಮೆ ಮಿತವಾಗಿ ಕಾಯಿಸುತ್ತಾನೆ. ಉಜ್ಜಿದ ಮೊನೆಯಲ್ಲಿ ಒಣಹುಲ್ಲಿನ ಹಳದಿ ಮೂಡಿದರೆ ಗಡುಸುತನ ಉಳಿದಿರುತ್ತದೆ; ನೀಲಿಗೆ ತಿರುಗಿದರೆ ಮೊನೆ ಮೆದುವಾಗುತ್ತದೆ. ಹಿಮದ ಗೋಡೆಯನ್ನೇರುವವರ ಪಿಕಾಸಿಯ ಮೊನೆಗೂ ಇದೇ ನಿಯಮ. ಮೊನೆ ಸವೆಯಲೂ ಬಾರದು, ಮುರಿಯಲೂ ಬಾರದು. ಇವೆರಡರ ನಡುವಣ ಸಮತೋಲವೇ ಹದ.