‘ಯಾವ್ದಕ್ಕ ಬೇಕ್ರಿ?’ ಅಂತ ಕೇಳು, ತಮ್ಮಾ

ಸಿಂಧನೂರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯೊಂದರಲ್ಲಿ ನೀನು ಕೆಲಸಕ್ಕೆ ಸೇರಿದ ಸುದ್ದಿಯನ್ನು ನಿಮ್ಮವ್ವ ಹೇಳಿದಳು. ಡಿಗ್ರಿ ಓದಿದ ಮಗ ನಟ್ಟು ಬೋಲ್ಟು ಎಣಿಸಲು ಹೋದನಲ್ಲ ಎಂಬ ಸಂಕಟ ಅವಳ ದನಿಯಲ್ಲಿತ್ತು. ನನಗೇನೂ ಸಂಕಟವಾಗಲಿಲ್ಲ. ಸಾಲಗುಂದದಿಂದ ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಕೊನೆಯ ಬಸ್ಸಿಗೆ ಬರುತ್ತ ಮೂವತ್ತೆಂಟು ವರ್ಷ ನಟ್ಟು ಬೋಲ್ಟು ಎಣಿಸಿದವನು ನಾನು. ಅದರಲ್ಲೇ ಮನೆ ನಡೆಯಿತು, ಮೂರು ಮದುವೆಗಳಾದವು. ನನಗಿರುವ ಚಿಂತೆ ಬೇರೆ. ಹೋದ ತಿಂಗಳು ಕಂಡದ್ದೊಂದನ್ನು ಹೇಳುತ್ತೇನೆ, ಕೇಳು. ಅದು ನಿಮ್ಮ ಅಂಗಡಿಯಲ್ಲ, ಹೆಸರು ಬೇಡ.

ಮನೆಯ ನಲ್ಲಿಗೆ ಒಂದು ವೈಸರ್ ಬೇಕಾಗಿ ಹೋಗಿದ್ದೆ. ನನಗಿಂತ ಮುಂದೆ ಕ್ಯಾಂಪಿನ ಕಡೆಯ ರೈತನೊಬ್ಬ ನಿಂತಿದ್ದ. ಮೊಣಕಾಲತನಕ ಒಣಗಿದ ಕೆಸರು. ನಾಟಿ ಅರ್ಧಕ್ಕೆ ಬಿಟ್ಟು ಬಂದಿದ್ದಾನೆಂದು ನೋಡಿದರೇ ಗೊತ್ತಾಗುತ್ತಿತ್ತು. “ತಮ್ಮಾ, ಮೂರಿಂಚಿಂದು ಒಂದು ಫುಟ್‌ಬಾಲ್ ಕೊಡಪಾ” ಅಂದ. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಇಲ್ಲಿ ಸಿಗಂಗಿಲ್ಲರಿ, ಆಟದ ಸಾಮಾನಿನ ಅಂಗಡಿಗೆ ಹೋಗ್ರಿ.” ಪಕ್ಕದಲ್ಲಿದ್ದ ಇಬ್ಬರು ನಕ್ಕರು. ರೈತ ನಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದ. ಹುಡುಗನ ತಲೆಯ ಮೇಲೇ ಹಗ್ಗಕ್ಕೆ ಕಟ್ಟಿದ ಮೂರು ಫುಟ್‌ವಾಲ್ವ್‌ಗಳು ತೂಗಾಡುತ್ತಿದ್ದವು.

ಆ ಹುಡುಗ ಕೆಟ್ಟವನೇನಲ್ಲ. ಆ ಪದಾರ್ಥಕ್ಕೆ ನಮ್ಮ ಹೊಲಗಳಲ್ಲಿ ಇರುವ ಹೆಸರು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಆದರೆ ಗೊತ್ತಿಲ್ಲದವನು ಕೇಳಬೇಕಲ್ಲವೇ? “ಯಾವ್ದಕ್ಕ ಬೇಕ್ರಿ?” ಅಂದಿದ್ದರೆ ಸಾಕಾಗಿತ್ತು. “ಮೋಟಾರಿಗಪ್ಪಾ, ರಾತ್ರಿ ಬಂದ್ ಮಾಡಿದರ ಮುಂಜಾನಿ ನೀರೇ ಎತ್ತಂಗಿಲ್ಲ” ಎಂದು ಅವನೇ ಎಲ್ಲವನ್ನೂ ಹೇಳುತ್ತಿದ್ದ. ಆಗ ತಿಳಿದವನಿಗೆ ಇನ್ನೊಂದು ವಿಷಯ ಹೊಳೆಯುತ್ತದೆ. ಫುಟ್‌ವಾಲ್ವ್ ಇರುವುದು ಹೀರುವ ಪೈಪಿನ ತುದಿಯಲ್ಲಿ, ನೀರಿನೊಳಗೆ. ಅದರ ಬಾಗಿಲು ಮೇಲಕ್ಕೆ ಮಾತ್ರ ತೆರೆಯುತ್ತದೆ, ಮೇಲೆ ಹೋದ ನೀರನ್ನು ಕೆಳಗೆ ಬಿಡುವುದಿಲ್ಲ. ಹಾಗಾಗಿ ಪೈಪು ಸದಾ ತುಂಬಿರುತ್ತದೆ, ಗುಂಡಿ ಒತ್ತಿದೊಡನೆ ಪಂಪು ನೀರು ಹಿಡಿಯುತ್ತದೆ. ರಾತ್ರೋರಾತ್ರಿ ನೀರು ಇಳಿದುಹೋಗುತ್ತಿದ್ದರೆ ಬಹಳ ಸಲ ಕೆಟ್ಟಿರುವುದು ಒಳಗಿನ ಚರ್ಮದ ಇಲ್ಲವೇ ರಬ್ಬರಿನ ವೈಸರ್ ಮಾತ್ರ. ಒಮ್ಮೊಮ್ಮೆ ಅಲ್ಲೊಂದು ಕಡ್ಡಿಯೋ ಹರಳೋ ಸಿಕ್ಕಿಕೊಂಡಿರುತ್ತದೆ. ಬಿಚ್ಚಿ ನೋಡಲು ಹೇಳಿ ವೈಸರ್ ಕೊಟ್ಟು ಕಳಿಸಿದರೆ ಅಂಗಡಿಗೆ ಅವತ್ತು ಸಿಗುವ ಲಾಭ ಚಿಲ್ಲರೆಯದು. ಆದರೆ ಆ ಮನುಷ್ಯ ಮುಂದೆ ಮೋಟಾರೇ ಕೊಳ್ಳುವಾಗ ಯಾರ ಅಂಗಡಿಗೆ ಬರುತ್ತಾನೆ, ನೀನೇ ಹೇಳು.

ನನಗೆ ಈ ಕೆಲಸ ಕಲಿಸಿದವರನ್ನು ಊರೆಲ್ಲ ಚಾಚಾ ಅನ್ನುತ್ತಿತ್ತು. ಓದಿದ್ದು ಮೂರನೇ ಈಯತ್ತೆ. ಗಿರಾಕಿ ಹಳೆಯ ಬೆಲ್ಟ್ ತಂದರೆ ಅದರ ನಂಬರ್ ಓದುವ ಮೊದಲು ಎರಡೂ ಬದಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಒಂದೇ ಬದಿ ಸವೆದಿದ್ದರೆ, “ಬೆಲ್ಟ್ ತಪ್ಪಲ್ಲ ಸಾವ್ಕಾರ, ಪುಲ್ಲಿ ಲೈನಿನ್ಯಾಗ ಇಲ್ಲ. ಅದನ್ನ ಸರಿ ಮಾಡು, ಇಲ್ಲಾಂದ್ರ ಇದೂ ಹದಿನೈದು ದಿನಕ್ಕ ಹೋಗ್ತೈತಿ” ಅನ್ನುತ್ತಿದ್ದರು. ಮೂರು ಬೆಲ್ಟ್ ಓಡುವ ಪುಲ್ಲಿಗೆ ಒಂದನ್ನೇ ಕೇಳಿದರೆ ಬೇಡವೆನ್ನುತ್ತಿದ್ದರು. ಹಳೆಯ ಎರಡು ಹಿಗ್ಗಿರುತ್ತವೆ, ಹೊಸದೊಂದರ ಮೇಲೇ ಎಲ್ಲ ಭಾರ ಬಿದ್ದು ಅದು ಮೊದಲು ಹರಿಯುತ್ತದೆ. ಬದಲಿಸಿದರೆ ಮೂರನ್ನೂ ಬದಲಿಸಬೇಕು. ಇದನ್ನು ಮಾರಾಟದ ಚಾಲಾಕಿ ಅಂದುಕೊಂಡು ಜಗಳ ತೆಗೆದವರೂ ಇದ್ದರು. ಚಾಚಾ ನಕ್ಕು, ಕಾರಣ ಹೇಳಿ, ಅವರು ಕೇಳಿದ್ದನ್ನೇ ಕೊಟ್ಟು ಕಳಿಸುತ್ತಿದ್ದರು. ತಿಳಿಸುವುದು ನಮ್ಮ ಕೆಲಸ, ರೊಕ್ಕ ಅವರದು.

ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಒಂದೊಂದು ಕೋಡ್ ಇದೆ ಅಂತ ಹೇಳಿದೆಯಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನಮ್ಮ ಅಂಗಡಿಗೂ ಕಂಪ್ಯೂಟರ್ ಬಂತು. ಲೆಕ್ಕ ಚೊಕ್ಕವಾಯಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವತ್ತಿನಿಂದ ಹುಡುಗರು ಪದಾರ್ಥವನ್ನು ನೋಡುವುದು ಬಿಟ್ಟು ಪರದೆಯನ್ನು ನೋಡತೊಡಗಿದರು. ಪರದೆ ‘ಸ್ಟಾಕ್ ಇಲ್ಲ’ ಅಂದರೆ ಇಲ್ಲ. ಅದೇ ಅಳತೆಯ ಬೇರಿಂಗ್ ಬೇರೆ ಕಂಪನಿಯ ಡಬ್ಬಿಯಲ್ಲಿ ಪಕ್ಕದ ಗೂಡಿನಲ್ಲೇ ಕುಳಿತಿರುತ್ತದೆ.

ಬೇರಿಂಗ್ ಮಾತು ಬಂತಲ್ಲ, ಇದನ್ನು ಬರೆದಿಟ್ಟುಕೊ. ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 6204 ಆದರೆ 20, 6205 ಆದರೆ 25. 04ಕ್ಕಿಂತ ಕೆಳಗೆ ಈ ಲೆಕ್ಕ ನಡೆಯದು. 6200 ಅಂದರೆ 10, 6201 ಅಂದರೆ 12, 6202 ಅಂದರೆ 15, 6203 ಅಂದರೆ 17, ಇವನ್ನು ಬಾಯಿಪಾಠ ಮಾಡಬೇಕು. ಇನ್ನು 6205, 6305 ಎರಡೂ 25ರ ಶಾಫ್ಟಿಗೇ ಕೂರುತ್ತವೆ. ಆದರೆ ಮೊದಲನೆಯದರ ಹೊರಸುತ್ತು 52, ಎರಡನೆಯದರದು 62. ಶಾಫ್ಟಿಗೆ ಕೂತಿತೆಂದು ಕೊಟ್ಟು ಕಳಿಸಿದರೆ ಹೌಸಿಂಗಿಗೆ ಹೋಗುವುದಿಲ್ಲ, ರೈತನ ಒಂದು ದಿನ ಹಾಳು. ನಂಬರಿನ ಕೊನೆಗೆ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರಿನದು. ಕೆಸರು ನೀರು ಸಿಡಿಯುವ ಕಡೆ ರಬ್ಬರಿನದೇ ವಾಸಿ. ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನಿನಗೆ ಈಗ ಎರಡು ನಿಮಿಷವೂ ಆಗಲಿಲ್ಲ.

ಬೋಲ್ಟಿನದು ಇನ್ನೊಂದು ತೊಡಕು. ರೈತ “ಹದಿನೇಳರ ಬೋಲ್ಟ್” ಕೇಳುತ್ತಾನೆ. ಅವನು ಹೇಳುತ್ತಿರುವುದು ಪಾನಾದ ನಂಬರ್. ಸಾಮಾನ್ಯವಾಗಿ ಹದಿನೇಳರ ಪಾನಾ ಹಿಡಿಯುವುದು 10 ಮಿಲಿಮೀಟರಿನ ಬೋಲ್ಟಿನ ತಲೆಯನ್ನು. ಹದಿಮೂರರದು 8ಕ್ಕೆ, ಹತ್ತೊಂಬತ್ತರದು 12ಕ್ಕೆ. ನೀನು ಪರದೆಯಲ್ಲಿ 17 ಮಿಲಿಮೀಟರ್ ಹುಡುಕಿ ಇಲ್ಲವೆಂದರೆ ಅವನು ಹತ್ತು ಅಂಗಡಿ ತಿರುಗಬೇಕಾಗುತ್ತದೆ. ಗೌಂಡಿ ಬಂದು “ಮೂರು ಸೂತಿನ ಕಬ್ಬಿಣ” ಅಂದರೆ ಇಂಚಿನಲ್ಲಿ ಎಂಟು ಸೂತು ಎಂಬ ಲೆಕ್ಕ. ಮೂರು ಸೂತು ಅಂದರೆ ಈಗಿನ 10 ಎಂಎಂ, ನಾಲ್ಕು ಸೂತು ಅಂದರೆ 12. ಹಳೆಯ ಕೆಲವು ಟ್ರ್ಯಾಕ್ಟರುಗಳಲ್ಲಿ ಇಂಚಿನ ಥ್ರೆಡ್ ಇರುತ್ತದೆ. ಕಣ್ಣಳತೆಯಲ್ಲಿ ನೋಡಿದರೆ ಇಂಚಿನ ಮೂರು ಸೂತಿನ ಬೋಲ್ಟೂ 10 ಎಂಎಂ ಬೋಲ್ಟೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಎರಡರ ಥ್ರೆಡ್ಡೂ ಹೋಗುತ್ತದೆ. ಹಳೆಯ ನಟ್ಟನ್ನು ತರಿಸಿಕೊಂಡು, ಕೈಬೆರಳಿನಿಂದಲೇ ಸಲೀಸಾಗಿ ಮೂರು ಸುತ್ತು ಹೋಗುತ್ತದೆಯೇ ಎಂದು ಅಲ್ಲೇ ನೋಡಿ ಕೊಡು. ಪಾನಾ ಬೇಕಾಯಿತೆಂದರೆ ಅದು ಅದರ ಜೋಡಿಯಲ್ಲ.

ಈ ಭಾಷೆಗಳೆಲ್ಲ ನಿನಗೆ ಬರಬೇಕು, ತಮ್ಮಾ. ನಮ್ಮ ಸಿಂಧನೂರಿನ ಕೌಂಟರಿಗೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕ್ಯಾಂಪಿನವರು ತೆಲುಗಿನಲ್ಲಿ ಕೇಳುತ್ತಾರೆ, ನಿರಾಶ್ರಿತರ ಆರ್.ಎಚ್. ಕ್ಯಾಂಪಿನವರು ಬಂಗಾಳಿ ಬೆರೆಸಿ ಕೇಳುತ್ತಾರೆ, ಹಾರ್ವೆಸ್ಟರ್ ಡ್ರೈವರುಗಳು ಹಿಂದಿಯಲ್ಲಿ. ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿ. ಒಂದೇ ವೈಸರಿಗೆ ನಾಲ್ಕು ಹೆಸರು. ಕೇಳಿದ ಹೆಸರನ್ನೆಲ್ಲ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ನಿಮ್ಮ ಕೋಡ್ ಹಾಕು. ಒಂದು ವರ್ಷದಲ್ಲಿ ಆ ನೋಟ್‌ಬುಕ್ಕು ನಿಮ್ಮ ಕಂಪ್ಯೂಟರಿಗಿಂತ ಹೆಚ್ಚು ದುಡಿಯುತ್ತದೆ.

ಮೊಬೈಲ್ ಮೇಲೆ ನನಗೆ ಸಿಟ್ಟಿದೆ ಅಂದುಕೊಳ್ಳಬೇಡ. ಅದು ನನ್ನ ಕಾಲದಲ್ಲಿದ್ದಿದ್ದರೆ ಎಷ್ಟೋ ಜನರ ಬಸ್ ಚಾರ್ಜ್ ಉಳಿಯುತ್ತಿತ್ತು. ಹೊಲದಿಂದಲೇ ಫೋಟೋ ಕಳಿಸಲು ಹೇಳು. ಆದರೆ ಬರೀ ಫೋಟೋ ನಂಬಬೇಡ. ಫೋಟೋದಲ್ಲಿ ಅಂಗೈಯಗಲದ ಆಯಿಲ್ ಸೀಲೂ ಉಂಗುರದಷ್ಟರ ಸೀಲೂ ಒಂದೇ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಲು ಹೇಳು, ಸೀಲಿನ ಮೇಲೆ ಕೆತ್ತಿದ ಮೂರು ಅಳತೆ ಕಾಣುವ ಹಾಗೆ: ಒಳಗಿನದು, ಹೊರಗಿನದು, ದಪ್ಪ.

ಗೊತ್ತಿಲ್ಲದಿದ್ದರೆ “ಗೊತ್ತಿಲ್ರಿ, ಕೇಳಿ ಹೇಳ್ತೀನಿ” ಅನ್ನು. ಮರ್ಯಾದೆ ಹೋಗುವುದಿಲ್ಲ. ಹೋಗುವುದು ಗೊತ್ತಿಲ್ಲದೆ ಕೊಟ್ಟಾಗ. ಒಮ್ಮೆ ಅವಸರದಲ್ಲಿ ನಾನು ಸಿಪಿವಿಸಿ ಬಿಸಿನೀರಿನ ಪೈಪಿಗೆ ಸಾದಾ ಪಿವಿಸಿಯ ಅಂಟು ಕೊಟ್ಟುಬಿಟ್ಟೆ. ಎರಡೂ ಡಬ್ಬಿ ಒಂದೇ ಬಣ್ಣದವು. ಗೋಡೆಯೊಳಗೆ ಜಾಯಿಂಟ್ ಬಿಟ್ಟು, ಹೊಸ ಮನೆಯ ಟೈಲ್ಸ್ ಒಡೆಸಬೇಕಾಯಿತು. ಆ ಮನೆಯ ಯಜಮಾನ ಬೈಯಲಿಲ್ಲ. ಒಡೆದ ಟೈಲ್ಸಿನ ಒಂದು ತುಂಡು ತಂದು ಕೌಂಟರಿನ ಮೇಲಿಟ್ಟು ಹೋದ. ಬೈದಿದ್ದರೆ ಇಷ್ಟೊತ್ತಿಗೆ ಮರೆಯುತ್ತಿದ್ದೆ.

ಡೂಪ್ಲಿಕೇಟ್ ಮಾಲಿನ ವಿಷಯದಲ್ಲಿ ಮಾತ್ರ ಮೆತ್ತಗಾಗಬೇಡ. ಅಸಲಿ ದರ ಇಷ್ಟು, ಲೋಕಲ್ ದರ ಇಷ್ಟು ಎಂದು ಎರಡನ್ನೂ ಮುಂದಿಟ್ಟು ಆರಿಸಿಕೊಳ್ಳಲು ಬಿಡು. ಲೋಕಲ್ ಅನ್ನು ಅಸಲಿಯ ದರಕ್ಕೆ ಕೊಡು ಎಂದು ಮಾಲೀಕರೇ ಹೇಳಿದರೆ ಬೇರೆ ಅಂಗಡಿ ನೋಡಿಕೊ. ಬಿಲ್ ಕೊಡು. ಎಲೆಕ್ಟ್ರಿಕ್ ಸಾಮಾನು ವಾಪಸ್ ಇಲ್ಲವೆಂದಾದರೆ ಅದನ್ನು ರೊಕ್ಕ ಇಸಿದುಕೊಳ್ಳುವ ಮೊದಲೇ ಹೇಳು.

ಈಗ ನಮ್ಮ ತಪ್ಪನ್ನೂ ಹೇಳಬೇಕು. ಹುಡುಗರಿಗೆ ಏನೂ ಬರುವುದಿಲ್ಲ ಎಂದು ನನ್ನ ಓರಗೆಯವರು ಕಟ್ಟೆಯ ಮೇಲೆ ಕೂತು ಹಾಡುವ ಹಾಡಿದೆಯಲ್ಲ, ಅದರಲ್ಲಿ ಅರ್ಧ ಸುಳ್ಳು. ನಿಮಗೆ ಕಲಿಸಿದವರು ಯಾರು? ನಮ್ಮ ಕಾಲದಲ್ಲಿ ಡಬ್ಬಿಯ ಮೇಲೆ ದರವನ್ನು ಗುಟ್ಟಿನ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಹೊಸಬನಿಗೆ ಆ ಅಕ್ಷರ ಬಿಡಿಸಲು ವರ್ಷ ಬೇಕಾಗುತ್ತಿತ್ತು. ನಾನೂ ಅದೇ ಬುದ್ಧಿಯವನು. ಯಾವ ಟ್ರ್ಯಾಕ್ಟರಿನ ಸೀಲು ಯಾವ ಟ್ರೇಲರಿನ ಹಬ್ಬಿಗೆ ಹೊಂದುತ್ತದೆ ಎಂಬಂಥ ನೂರಾರು ಸಂಗತಿಗಳನ್ನು ಒಬ್ಬರಿಗೂ ಹೇಳದೆ ತಲೆಯಲ್ಲಿಟ್ಟುಕೊಂಡೆ. ಹೇಳಿದರೆ ಸಾವ್ಕಾರರಿಗೆ ನನ್ನ ಅಗತ್ಯವಿರುವುದಿಲ್ಲ ಎಂಬ ಭಯ. ಕೆಲಸ ಬಿಟ್ಟ ದಿನ ಅವೆಲ್ಲ ನನ್ನ ಜೊತೆಗೇ ಸಾಲಗುಂದದ ಬಸ್ಸು ಹತ್ತಿದವು. ಆಮೇಲೆ ಆ ಕೌಂಟರಿಗೆ ಬಂದ ಹುಡುಗರು ಆರು ತಿಂಗಳಿಗೊಬ್ಬರಂತೆ ಬದಲಾದರು. ಕೊಡುವ ಸಂಬಳಕ್ಕೆ ಯಾರು ನಿಲ್ಲುತ್ತಾರೆ? ಕಲಿಯುವಷ್ಟು ದಿನ ನಿಲ್ಲದ ಹಾಗೆ ಸಂಬಳ ಕೊಟ್ಟು, ಕಲಿತಿಲ್ಲವೆಂದು ದೂರಿದರೆ ಅದು ಮಾಲೀಕರಿಗೆ ಶೋಭಿಸುವ ಮಾತಲ್ಲ.

2024ರ ಆಗಸ್ಟ್ 10ರ ರಾತ್ರಿ ನಿನಗೆ ನೆನಪಿರಬೇಕು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಅರವತ್ತು ಅಡಿ ಅಗಲದ ಬಾಯಿಯಿಂದ ನೀರು ಹೊಳೆಗೆ ಹೋಗುತ್ತಿದ್ದರೆ, ಎಡದಂಡೆ ಕಾಲುವೆಯನ್ನು ನಂಬಿ ನಾಟಿ ಹಚ್ಚಿದ್ದ ನಮ್ಮ ತಾಲ್ಲೂಕು ಟಿವಿ ಮುಂದೆ ಉಸಿರು ಹಿಡಿದು ಕೂತಿತ್ತು. ಆಗ ಬಂದವರು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು, ನಿವೃತ್ತರಾಗಿದ್ದವರು, ಎಂಬತ್ತರ ಆಸುಪಾಸಿನ ಹಿರಿಯರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ ಒಂದು ವಾರದೊಳಗೆ ಆ ಬಾಯಿ ಮುಚ್ಚಿಸಿದರು. ಊರೆಲ್ಲ ಅವರಿಗೆ ಕೈಮುಗಿಯಿತು, ನಾನೂ ಮುಗಿದೆ. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 1953ರಲ್ಲಿ ನೀರು ಬಿಟ್ಟ ಅಣೆಕಟ್ಟಿನ ಮುಂದೆ ನಿಂತು ‘ಹೀಗೆ ಮಾಡಿ’ ಎಂದು ಧೈರ್ಯವಾಗಿ ಹೇಳಲು ನಿವೃತ್ತರೊಬ್ಬರನ್ನೇ ಹುಡುಕಬೇಕಾಯಿತು. ನನ್ನದು ಚಿಕ್ಕ ಅಂಗಡಿಯ ಚಿಕ್ಕ ವಿದ್ಯೆ, ಹೋಲಿಕೆ ದೊಡ್ಡದಾಯಿತೇನೋ. ಆದರೂ ನನ್ನ ತಲೆಯಲ್ಲಿರುವ ಸೀಲಿನ ನಂಬರುಗಳು ಆ ರಾತ್ರಿಯಿಂದ ನನ್ನನ್ನು ಚುಚ್ಚುತ್ತಿವೆ.

ಅದಕ್ಕೇ ಇಷ್ಟು ಉದ್ದ ಬರೆದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಮೆಕ್ಯಾನಿಕ್ ಶೆಡ್ಡಿಗೆ ಚಹಾ ತೆಗೆದುಕೊಂಡು ಹೋಗು. ನೀನು ಮಾರಿದ್ದು ಎಲ್ಲಿ ಕೂರುತ್ತದೆಂದು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಲಿಂಗಸಗೂರಿನ ಜಿಟಿಟಿಸಿ ತರಬೇತಿ ಕೇಂದ್ರದಲ್ಲಿ ಕಲಿತ ಹುಡುಗರು ಸಿಕ್ಕರೆ ಸ್ನೇಹ ಮಾಡಿಕೊ, ಮೈಕ್ರೋಮೀಟರ್ ಓದುವುದನ್ನು ಕಲಿಸಿಕೊಡುತ್ತಾರೆ. ಮೂರು ವರ್ಷವಾದ ಮೇಲೆ ಸಂಬಳ ಹೆಚ್ಚಿಸಲು ಬಾಯಿಬಿಟ್ಟು ಕೇಳು. ನಾನು ಕೇಳದೆ ಕೆಟ್ಟೆ. ನಿನ್ನ ಕೈಕೆಳಗೆ ಹೊಸ ಹುಡುಗ ಬಂದರೆ ನೋಟ್‌ಬುಕ್ಕನ್ನು ಅವನ ಮುಂದೆ ತೆರೆದಿಡು.

ನನ್ನ ವರ್ನಿಯರ್ ಇನ್ನೂ ಗೂಡಿನಲ್ಲೇ ಇದೆ, ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಭಾನುವಾರ ಬಂದು ಒಯ್ಯಿ. ಬರುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಾ. ನಾನು ಹೇಳುತ್ತ ಹೋಗುತ್ತೇನೆ, ನೀನು ಬರೆದುಕೊ.