ಬೀಗ ಗಟ್ಟಿ, ಕೀಲಿ ಎಲ್ಲಿದೆ? ಡಿಸ್ಕ್ ಎನ್‌ಕ್ರಿಪ್ಷನ್: ಮಾಡಬೇಕಾದ್ದು, ಮಾಡಬಾರದ್ದು

ಮಲ್ಲೇಶ್ವರದ ಅಡ್ಡರಸ್ತೆಗಳ ಆಡಿಟರ್ ಕಚೇರಿಗಳು, ಬಸವನಗುಡಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕಕ್ಷಿದಾರರನ್ನು ಕಾಣುವ ವಕೀಲರು, ಚಾಮರಾಜಪೇಟೆಯ ಡಿಟಿಪಿಯವರು, ಪಿಂಚಣಿ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿಟ್ಟುಕೊಂಡ ನಿವೃತ್ತರು: ಈ ಸೂಚನೆ ನಿಮಗೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ನಿಮ್ಮದಷ್ಟೇ ಅಲ್ಲ, ಬೇರೆಯವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರಗಳೂ ಇವೆ. ಅದನ್ನು ಆಟೋದಲ್ಲಿ ಮರೆತು ಇಳಿದರೆ ಹೋಗುವುದು ಬರೀ ಯಂತ್ರವೋ, ಒಳಗಿನ ಗುಟ್ಟೂ ಹೋಗುತ್ತದೋ ಎಂಬುದು ಡಿಸ್ಕ್ ಎನ್‌ಕ್ರಿಪ್ಷನ್ ಇದೆಯೇ ಇಲ್ಲವೇ ಎಂಬುದರ ಮೇಲಿದೆ.

ಮೊದಲು ಒಂದು ಭ್ರಮೆ ಬಿಡಿ. ವಿಂಡೋಸ್ ಶುರುವಾಗುವಾಗ ಕೇಳುವ ಪಾಸ್‌ವರ್ಡ್ ಡಿಸ್ಕನ್ನು ಕಾಯುವುದಿಲ್ಲ. ಎನ್‌ಕ್ರಿಪ್ಟ್ ಆಗದ ಡಿಸ್ಕನ್ನು ಬಿಚ್ಚಿ, ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಯುಎಸ್‌ಬಿ ಕೇಸಿಗೆ ಸಿಕ್ಕಿಸಿದರೆ ಸಾಕು, ಎಲ್ಲ ಫೈಲೂ ತೆರೆಯುತ್ತದೆ. ಪಾಸ್‌ವರ್ಡ್ ಕೇಳುವವರೇ ಇರುವುದಿಲ್ಲ.

ಎನ್‌ಕ್ರಿಪ್ಟ್ ಆದ ಡಿಸ್ಕಿನ ಮಾತು ಬೇರೆ. ಬಿಟ್‌ಲಾಕರ್, ಆ್ಯಪಲ್‌ನ ಫೈಲ್‌ವಾಲ್ಟ್, ಲಿನಕ್ಸಿನ ಲಕ್ಸ್, ವೆರಾಕ್ರಿಪ್ಟ್ ಎಲ್ಲವೂ ಸಾಮಾನ್ಯವಾಗಿ ನೆಚ್ಚಿಕೊಂಡಿರುವುದು 2001ರಲ್ಲಿ ಅಮೆರಿಕ ಸರ್ಕಾರದ ಮಾನದಂಡವಾದ ಎಇಎಸ್ ಗೂಢಲಿಪಿಯನ್ನು. ಆ ಗಣಿತವನ್ನು ನೇರವಾಗಿ ಒಡೆದು ಒಳಹೊಕ್ಕವರಿಲ್ಲ. ಬುದ್ಧಿವಂತ ಕಳ್ಳ ಅದರ ಗೋಜಿಗೆ ಹೋಗುವುದೂ ಇಲ್ಲ. ಅವನು ಹುಡುಕುವುದು ಕೀಲಿಯನ್ನು.

ಮಾಡಬೇಕಾದ್ದು

ಎನ್‌ಕ್ರಿಪ್ಷನ್ ಆನ್ ಇದೆಯೇ ಎಂದು ಇವತ್ತೇ ನೋಡಿ. ವಿಂಡೋಸ್ 11 ಹೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಅಂಡ್ ಸೆಕ್ಯುರಿಟಿಯ ಅಡಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಹುಡುಕಿ. ಪ್ರೊ ಆವೃತ್ತಿಯಾದರೆ ಬಿಟ್‌ಲಾಕರ್, ಮ್ಯಾಕ್ ಆದರೆ ಫೈಲ್‌ವಾಲ್ಟ್. 2024ರ 24ಎಚ್2 ಆವೃತ್ತಿಯಿಂದೀಚೆಗೆ, ವಿಂಡೋಸ್ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಬಹುಪಾಲು ಯಂತ್ರಗಳಲ್ಲಿ ಇದು ತಾನಾಗಿಯೇ ಆನ್ ಆಗುತ್ತದೆ. ಖಾತೆ ಸೇರಿಸದೆ ಲೋಕಲ್ ಲಾಗಿನ್‌ನಲ್ಲೇ ನಡೆಸಿಕೊಂಡು ಬಂದಿದ್ದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದೂ ಕಾವಲು ಶುರುವಾಗದೆ ಇರಬಹುದು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಚಪ್ಪಲಿ ಗೂಡಿನಲ್ಲಿಟ್ಟು ಹೋದ ಹಾಗೆ.

ತಾನಾಗಿ ಆನ್ ಆಗುವುದು ಒಳ್ಳೆಯದೇ. ಆದರೆ ಮನೆಯವರಿಗೆ ಅದು ಗೊತ್ತಾಗುವುದು ಒಂದು ಬೆಳಗ್ಗೆ ನೀಲಿ ಪರದೆ ಎದುರು ನಿಂತು 48 ಅಂಕಿಗಳ ರಿಕವರಿ ಕೀಲಿ ಕೇಳಿದಾಗ. ಬಯೋಸ್ ಅಪ್‌ಡೇಟ್ ಆಗಿರಬಹುದು, ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾಗಿರಬಹುದು. ಆಗ ಶುರುವಾಗುತ್ತದೆ ಹುಡುಕಾಟ. ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟದ್ದು ರಜೆಗೆ ಬಂದಿದ್ದ ಮಗ, ಈಗ ಅವನು ಅಮೆರಿಕದಲ್ಲಿ. ಕೀಲಿ ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿದೆ. ಅದಾದರೂ ವಾಸಿ, ಒಂದು ಫೋನಿನಲ್ಲಿ ಬಗೆಹರಿಯುತ್ತದೆ. ಅಂಗಡಿಯ ಹುಡುಗ ಆ ಹೊತ್ತಿಗೆ ಯಾವುದೋ ಖಾತೆ ಸೃಷ್ಟಿಸಿ ಕೆಲಸ ಮುಗಿಸಿದ್ದರೆ, ಅದರ ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ. ಕೀಲಿ ಇಲ್ಲದಿದ್ದರೆ ಡೇಟಾ ರಿಕವರಿ ಅಂಗಡಿಯವರು, ಮೈಕ್ರೋಸಾಫ್ಟಿನವರು, ಯಾರೂ ಏನೂ ಮಾಡಲಾರರು. ಬೀಗ ಗಟ್ಟಿ ಎಂದರೆ ನಿಮಗೂ ಗಟ್ಟಿಯೇ.

ಆದ್ದರಿಂದ ಕೀಲಿಯನ್ನು ಕಾಗದಕ್ಕೆ ಇಳಿಸಿ. ಆರಾರು ಅಂಕಿಯ ಎಂಟು ಗುಂಪು, ಕೈಯಲ್ಲೇ ಬರೆದರೂ ಐದು ನಿಮಿಷದ ಕೆಲಸ. ಜೊತೆಗೆ ಕೀ ಐಡಿಯ ಮೊದಲ ಎಂಟು ಅಕ್ಷರ ಬರೆಯಿರಿ. ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇದ್ದಾಗ ಯಾವುದಕ್ಕೆ ಯಾವ ಕೀಲಿ ಎಂದು ಹೇಳುವುದು ಅದೇ. ಒಂದು ಪ್ರತಿ ಬ್ಯಾಂಕ್ ಲಾಕರಿನಲ್ಲಿ ಇರಲಿ, ಇನ್ನೊಂದು ನಂಬಿಕಸ್ಥರ ಮನೆಯಲ್ಲಿ.

ಪಯಣಕ್ಕೆ ಹೊರಡುವಾಗ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ. ಇದು ಎಲ್ಲಕ್ಕಿಂತ ಸುಲಭ, ಎಲ್ಲರೂ ಅಸಡ್ಡೆ ಮಾಡುವುದೂ ಇದನ್ನೇ. ಮುಚ್ಚಳ ಮಡಚಿದರೆ ಯಂತ್ರ ನಿದ್ದೆಗೆ ಹೋಗುತ್ತದೆ ಅಷ್ಟೇ, ಕೀಲಿ ಮೆಮೊರಿಯಲ್ಲಿ ಹಾಗೇ ಉಳಿದಿರುತ್ತದೆ. ವಿದ್ಯುತ್ ಕಡಿದ ಮೇಲೂ ಮೆಮೊರಿ ಚಿಪ್‌ನಲ್ಲಿ ಮಾಹಿತಿ ಕೆಲವು ಸೆಕೆಂಡು, ಚಿಪ್ಪನ್ನು ತಣ್ಣಗೆ ಮಾಡಿದರೆ ನಿಮಿಷಗಟ್ಟಲೆ ಉಳಿಯುತ್ತದೆಂದು 2008ರಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುವಷ್ಟು ದೂರವಾದರೂ ಆಫ್ ಮಾಡಿಯೇ ಹೊರಡಿ.

ಕಕ್ಷಿದಾರರ ಕಾಗದ ಇಟ್ಟುಕೊಂಡವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು: ವಿಂಡೋಸ್ ಶುರುವಾಗುವ ಮೊದಲೇ ಪಿನ್ ಕೇಳುವಂತೆ ಬಿಟ್‌ಲಾಕರ್ ಹೊಂದಿಸಿ. ಪಿನ್ ಇಲ್ಲದಿದ್ದರೆ ಟಿಪಿಎಂ ಎಂಬ ಚಿಪ್ಪು ಕೀಲಿಯನ್ನು ತಾನಾಗಿಯೇ ಒಪ್ಪಿಸಿಬಿಡುತ್ತದೆ. 2024ರಲ್ಲಿ ಒಬ್ಬ ಸಂಶೋಧಕರು ಹತ್ತು ಡಾಲರಿಗಿಂತ ಕಡಿಮೆ ಬೆಲೆಯ ರಾಸ್ಪ್‌ಬೆರಿ ಪೈ ಪಿಕೊ ಹಿಡಿದು, ಹಳೆಯ ಲೆನೊವೊ ಲ್ಯಾಪ್‌ಟಾಪೊಂದರ ಟಿಪಿಎಂನಿಂದ ಪ್ರೊಸೆಸರ್‌ಗೆ ಹೋಗುತ್ತಿದ್ದ ಕೀಲಿಯನ್ನು ದಾರಿಯಲ್ಲೇ ಕದ್ದು ಓದಿದರು, ಒಂದು ನಿಮಿಷದೊಳಗೆ. ಟಿಪಿಎಂ ಪ್ರೊಸೆಸರಿನೊಳಗೇ ಇರುವ ಹೊಸ ಯಂತ್ರಗಳಲ್ಲಿ ಈ ಉಪಾಯ ನಡೆಯದು. ಆದರೂ ಪಿನ್ ಇರಲಿ. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ಪ್ರೊಗೆ ದುಡ್ಡು ಕೊಡಿ, ಇಲ್ಲವೇ ವೆರಾಕ್ರಿಪ್ಟ್ ಹಾಕಿಸಿ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಡೇಟಾ ಸಂರಕ್ಷಣಾ ನಿಯಮಗಳು ಸುರಕ್ಷತಾ ಕ್ರಮಗಳಲ್ಲಿ ಎನ್‌ಕ್ರಿಪ್ಷನ್ನಿನ ಹೆಸರನ್ನೇ ಹೇಳಿವೆ. ಆಡಿಟರ್‌ಗಳು ಇದನ್ನು ಓದಿಕೊಳ್ಳುವುದು ಒಳಿತು.

ಬ್ಯಾಕಪ್ ಡಿಸ್ಕನ್ನೂ ಎನ್‌ಕ್ರಿಪ್ಟ್ ಮಾಡಿ.

ಮಾಡಬಾರದ್ದು

ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿ ಇಡಬೇಡಿ. ಅಭಿಮಾನ ಬೇರೆ, ಇದು ಬೇರೆ. ಯಂತ್ರ ಎಚ್ಚರವಾಗುವ ಮೊದಲಿನ ಆ ಪರದೆಗೆ ನುಡಿಯೂ ಗೊತ್ತಿಲ್ಲ, ಬರಹವೂ ಗೊತ್ತಿಲ್ಲ. ವೆರಾಕ್ರಿಪ್ಟಿಗಂತೂ ಅಲ್ಲಿ ಅಮೆರಿಕನ್ ಕೀಬೋರ್ಡ್ ಒಂದೇ ಗೊತ್ತು. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪೋಣಿಸಿ. ದೇವರನಾಮದ ಪಲ್ಲವಿ, ಕಗ್ಗದ ಸಾಲು, ಮನೆಯ ಹೆಸರು, ಮೊಮ್ಮಗಳ ಹುಟ್ಟಿದ ದಿನ ಯಾವುದೂ ಬೇಡ.

ರಿಕವರಿ ಕೀಲಿಯನ್ನು ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿ ಪ್ರಿಂಟ್ ತೆಗೆಸಬೇಡಿ. ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಇಡಬೇಡಿ. ಅದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದಂತೂ ಶುದ್ಧ ಮೂರ್ಖತನ.

ರಿಪೇರಿಗೆ ಕೊಡುವಾಗ "ಪಾಸ್‌ವರ್ಡ್ ಒಂದು ಚೀಟೀಲಿ ಬರ್ದು ಅಂಟ್ಸ್‌ಬಿಡಿ ಸಾರ್" ಎಂದರೆ ಬರೆಯಬೇಡಿ. ಸ್ಕ್ರೀನ್, ಕೀಬೋರ್ಡ್, ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಕಿಲ್ಲ. ಪರೀಕ್ಷಿಸಲು ಬೇಕೇ ಬೇಕೆಂದರೆ ಎದುರಿಗೆ ಕೂತು ನೀವೇ ಒತ್ತಿ. ಮದರ್‌ಬೋರ್ಡ್ ಕೆಲಸವಾದರೆ ಮೊದಲು ಬ್ಯಾಕಪ್ ತೆಗೆಯಿರಿ. ಈಗಿನ ಮ್ಯಾಕ್‌ಗಳಲ್ಲಿ ಕೀಲಿ ಬೋರ್ಡಿನ ಚಿಪ್ಪಿಗೇ ಅಂಟಿಕೊಂಡಿದೆ. ಬೋರ್ಡ್ ಸತ್ತರೆ ಪಾಸ್‌ವರ್ಡ್ ಗೊತ್ತಿದ್ದೂ ಫೈಲು ಬರುವುದಿಲ್ಲ.

ಎಸ್‌ಎಸ್‌ಡಿ ಡಬ್ಬದ ಮೇಲೆ ಹಾರ್ಡ್‌ವೇರ್ ಎನ್‌ಕ್ರಿಪ್ಷನ್ ಎಂದು ಅಚ್ಚಾಗಿದ್ದರೆ ಅದನ್ನು ನಂಬಿ ಕೂರಬೇಡಿ. 2018ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಹೆಸರಾಂತ ಕಂಪನಿಗಳ ಕೆಲವು ಎಸ್‌ಎಸ್‌ಡಿಗಳನ್ನು ಪಾಸ್‌ವರ್ಡ್ ಇಲ್ಲದೆಯೇ ತೆರೆದರು. ಬಿಟ್‌ಲಾಕರ್ ಕೂಡ ಅವನ್ನು ನಂಬಿ ಸುಮ್ಮನಿತ್ತು. ಮುಂದಿನ ವರ್ಷ ಮೈಕ್ರೋಸಾಫ್ಟ್ ಆ ಪದ್ಧತಿ ಬಿಟ್ಟು ಸಾಫ್ಟ್‌ವೇರ್ ಎನ್‌ಕ್ರಿಪ್ಷನ್ನಿಗೆ ಬಂತು.

ಎನ್‌ಕ್ರಿಪ್ಷನ್ ಇದೆಯೆಂದು ಸಿಕ್ಕಸಿಕ್ಕ ಲಿಂಕ್ ಒತ್ತಬೇಡಿ. ನೀವು ಲಾಗಿನ್ ಆಗಿರುವಷ್ಟು ಹೊತ್ತು ಡಿಸ್ಕ್ ತೆರೆದೇ ಇರುತ್ತದೆ. ನಿಮಗೆ ಕಾಣುವುದೆಲ್ಲ ವೈರಸ್ಸಿಗೂ ಕಾಣುತ್ತದೆ.

ಪೊಲೀಸರು, ಕೋರ್ಟಿನ ಎದುರೂ ಇದು ರಕ್ಷೆ ಎಂದುಕೊಳ್ಳಬೇಡಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ, ನಿಜ. ಆದರೆ ಅದೇ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು ಎಂದಿತು. ತುರ್ತು ಸಂದರ್ಭ ಬಿಟ್ಟರೆ ಫೋನು, ಕಂಪ್ಯೂಟರ್ ಶೋಧಕ್ಕೆ ವಾರಂಟ್ ಬೇಕೆಂದೂ ಹೇಳಿತು. ಐಟಿ ಕಾಯ್ದೆಯ 69ನೇ ಸೆಕ್ಷನ್ ಅಡಿ, ಕ್ರಮಬದ್ಧ ಆದೇಶವಿದ್ದೂ ಡಿಕ್ರಿಪ್ಟ್ ಮಾಡಲು ನೆರವಾಗದಿದ್ದರೆ 7 ವರ್ಷದವರೆಗೆ ಸೆರೆವಾಸ. ಯಾರಾದರೂ ಕೇಳಿದರೆ ಮೊದಲು ವಾರಂಟ್ ಅಥವಾ ಆದೇಶ ತೋರಿಸಲು ಹೇಳಿ, ವಕೀಲರಿಗೆ ಫೋನ್ ಮಾಡಿ.

ಹಳೆಯ ಲ್ಯಾಪ್‌ಟಾಪನ್ನು ಸುಮ್ಮನೆ ಫಾರ್ಮ್ಯಾಟ್ ಒತ್ತಿ ಎಕ್ಸ್‌ಚೇಂಜಿಗೆ ಕೊಡಬೇಡಿ. ಮೊದಲ ದಿನದಿಂದ ಎನ್‌ಕ್ರಿಪ್ಟ್ ಆಗಿದ್ದ ಯಂತ್ರವಾದರೆ ರೀಸೆಟ್‌ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ ಒತ್ತಿ, ಬಳಿಕ ಖಾತೆಯಿಂದ ಆ ಯಂತ್ರವನ್ನು ತೆಗೆದುಹಾಕಿ. ಎನ್‌ಕ್ರಿಪ್ಷನ್ನೇ ಕಾಣದೆ ವರ್ಷಗಟ್ಟಲೆ ಓಡಿದ್ದಾದರೆ ಡಿಸ್ಕನ್ನು ಬಿಚ್ಚಿಸಿ ನಿಮ್ಮಲ್ಲೇ ಇಟ್ಟುಕೊಂಡು ಉಳಿದದ್ದನ್ನು ಮಾರಿ. ಐನೂರು ರೂಪಾಯಿ ಕಡಿಮೆ ಕೊಟ್ಟಾರು, ಕೊಡಲಿ.