ಬೆಟ್ಟದ ಪ್ರವಾಸಕ್ಕೆ ಪೂರ್ವಸಿದ್ಧತೆ

ಮುಂಬಯಿಯ ಬಾಲಕ ಬಾಲಕಿಯರಿಗೆ ಸಹ್ಯಾದ್ರಿಯು ಅಪರಿಚಿತವಲ್ಲ. ರೈಲು ಕರ್ಜತದತ್ತ ಸಾಗುವಾಗ ಅದರ ಸಾಲು ಕಿಟಕಿಯಲ್ಲಿಯೇ ಕಾಣುತ್ತದೆ. ಆದರೆ ಬೆಟ್ಟವನ್ನು ನೋಡುವುದು ಬೇರೆ. ಅನ್ನ, ನೀರು, ಹೊದಿಕೆಗಳನ್ನು ಬೆನ್ನಮೇಲೆ ಹೊತ್ತು ಅಲ್ಲಿ ನಡೆದು, ಒಂದು ರಾತ್ರಿ ಕಳೆದು ಬರುವುದು ಬೇರೆ. ಅಂತಹ ಪ್ರವಾಸಕ್ಕೆ ಮಕ್ಕಳೂ ಪಾಲಕರೂ ಹೇಗೆ ಸಿದ್ಧರಾಗತಕ್ಕದ್ದು ಎಂಬುದನ್ನು ರಾಜಮಾಚಿಯ ಉದಾಹರಣೆಯಿಂದ ವಿಚಾರ ಮಾಡೋಣ.

ದಾರಿಯ ಪರಿಚಯ: ಲೋಣಾವಳೆಯಿಂದ ರಾಜಮಾಚಿಗೆ ಸುಮಾರು 15 ಕಿಲೋಮೀಟರ್ ನಡಿಗೆ. ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆಗಳು. ಅವುಗಳ ಬುಡದಲ್ಲಿ ಉಧೇವಾಡಿ ಎಂಬ ಹಳ್ಳಿ. ದಾರಿ ಬಹು ಕಠಿಣವಲ್ಲ. ಆದರೆ ಕಾಡಿನ ನಡುವೆ ಮೊಬೈಲನ್ನು ನೆಚ್ಚುವಂತಿಲ್ಲ, ಆಸ್ಪತ್ರೆ ದೂರ. ಮಳೆಗಾಲದಲ್ಲಿ ಹಳ್ಳಗಳು ಹಠಾತ್ತನೆ ಉಕ್ಕುತ್ತವೆ. ಮೊದಲ ಸಲ ಹೊರಡುವವರಿಗೆ ಡಿಸೆಂಬರ್, ಜನವರಿಗಳೇ ಮೇಲು.

ಹೊರೆ: 40 ಕಿಲೋ ತೂಕದ ಮಗುವಿನ ಚೀಲವು 6 ಕಿಲೋ ಮೀರದಿರಲಿ. 2 ಲೀಟರ್ ನೀರೇ 2 ಕಿಲೋ ಆಯಿತು. ಉಳಿದುದರಲ್ಲಿ ಹೊದಿಕೆ, ಒಂದು ಜೊತೆ ಬಟ್ಟೆ, ಬ್ಯಾಟರಿ, ಸೀಟಿ, ತಟ್ಟೆ ಲೋಟ, ಚಪಾತಿ, ಶೇಂಗಾ ಉಂಡೆ ಇಷ್ಟು ಸಾಕು. ಚೀಲವನ್ನು ಮಗುವೇ ಕಟ್ಟಲಿ. ತಾಯಿ ನೋಡುತ್ತ ಕೂಡಲಿ. ತಾನೇ ಕಟ್ಟಿದವನಿಗೆ ಮಾತ್ರ ಕತ್ತಲೆಯಲ್ಲಿ ಬ್ಯಾಟರಿ ಕೈಗೆ ಸಿಗುತ್ತದೆ.

ಅಭ್ಯಾಸ: ಹೊರಡುವ ಮೊದಲು ಕೆಲವು ವಾರ ಮನೆಯ ಮೆಟ್ಟಿಲುಗಳನ್ನು ಹತ್ತಿಳಿಯಬೇಕು. ಒಂದು ಭಾನುವಾರ ತುಂಬಿದ ಚೀಲ ಹೊತ್ತು ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳವರೆಗೆ ನಡೆದು ಬರಬಹುದು. ಹೊಸ ಬೂಟು ತೊಟ್ಟು ಬೆಟ್ಟಕ್ಕೆ ಹೊರಟರೆ ಹಿಮ್ಮಡಿಯಲ್ಲಿ ಬೊಕ್ಕೆ ಏಳುವುದು ನಿಶ್ಚಯ.

ಸಂಘಧರ್ಮ: 1907ರಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದಲ್ಲಿ ಬಾಲಕರನ್ನು ನಾಲ್ಕು ಚಿಕ್ಕ ತಂಡಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಒಬ್ಬ ಬಾಲಕನನ್ನೇ ನಾಯಕನನ್ನಾಗಿ ಮಾಡಿದರು. ಚಿಕ್ಕ ತಂಡದಲ್ಲಿ ಯಾರೂ ಕಣ್ಮರೆಯಾಗುವುದಿಲ್ಲ. ನಿಧಾನವಾಗಿ ನಡೆಯುವವನ ಹೆಜ್ಜೆಯೇ ತಂಡದ ಹೆಜ್ಜೆಯಾಗಬೇಕು. ಮುಂದೊಬ್ಬ, ಹಿಂದೊಬ್ಬ ಹಿರಿಯರಿರಬೇಕು. ದಾರಿ ತಪ್ಪಿದವನು ಅಲೆಯದೆ ನಿಂತಲ್ಲಿಯೇ ನಿಂತು ಸೀಟಿ ಊದಬೇಕು. ಜೇನುಗೂಡಿಗೆ ಕಲ್ಲೆಸೆಯಕೂಡದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಇವೆಲ್ಲ ತಪ್ಪು. ಕಚ್ಚಿದ ಅಂಗವನ್ನು ಅಲುಗಿಸದೆ ಬೇಗನೆ ಆಸ್ಪತ್ರೆಗೆ ಒಯ್ಯಬೇಕು.

ಪಾಲಕರಿಗೆ: ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಪಾಲಕರ ಸತ್ಯವಾಕ್ಯ. ಉಬ್ಬಸ, ಮೂರ್ಛೆ, ಜೇನು ಕಚ್ಚಿದರೆ ಮೈ ಬಾಯುವ ಸ್ವಭಾವ ಇವುಗಳನ್ನು ತಿಳಿಸಿದರೆ ಮಗುವನ್ನು ಬಿಟ್ಟುಹೋದಾರೆಂದು ಕೆಲವರು ಮುಚ್ಚಿಡುತ್ತಾರೆ. ತಿಳಿದಿದ್ದರೆ ಉಬ್ಬಸದ ಔಷಧವು ಚೀಲದ ಮೇಲ್ಭಾಗದಲ್ಲಿರುತ್ತದೆ, ಶಿಕ್ಷಕರು ಆ ಮಗುವಿನ ಬಳಿಯಲ್ಲಿಯೇ ನಡೆಯುತ್ತಾರೆ. ತಿಳಿಯದಿದ್ದರೆ ಏರಿನ ನಡುವೆ ಮಗು ಏದುವಾಗ ಅದು ಆಯಾಸವೋ ರೋಗವೋ ಎಂದು ಗುರುತಿಸುವಷ್ಟರಲ್ಲಿ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಆದುದರಿಂದ ರೋಗ, ಔಷಧ, ಅದರ ಪ್ರಮಾಣ, ವೈದ್ಯರ ದೂರವಾಣಿ ಇವನ್ನು ಬರೆದುಕೊಡತಕ್ಕದ್ದು.

ಹಾಗೆಯೇ ಪಾಲಕರು ಶಿಕ್ಷಕರನ್ನು ಸಂಕೋಚವಿಲ್ಲದೆ ಪ್ರಶ್ನಿಸಬೇಕು. ಈ ದಾರಿಯಲ್ಲಿ ಮೊದಲು ನಡೆದವರು ಯಾರು? ಹಿರಿಯರೆಷ್ಟು ಜನ? ಸಮೀಪದ ಆಸ್ಪತ್ರೆ ಯಾವುದು? ಉತ್ತರಿಸುವುದು ನಮ್ಮ ಕರ್ತವ್ಯ. ನಾಯಕರು ಅರ್ಧದಾರಿಯಿಂದ ತಂಡವನ್ನು ಹಿಂದಿರುಗಿಸಿದರೆ ಅದನ್ನು ಸೋಲೆಂದು ಎಣಿಸದಿರೋಣ. ಕೋಟೆ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಮನೆಯಲ್ಲಿ ತಾಯಿತಂದೆಗಳೊಡನೆ ಕುಳಿತು ಉತ್ತರಿಸಿರಿ:
1. ನಿಮ್ಮ ತುಂಬಿದ ಚೀಲದ ತೂಕವೆಷ್ಟು? ಯಾವ ವಸ್ತುವನ್ನು ಬಿಡಬಹುದು?
2. ನಿಮ್ಮ ತಂಡದಲ್ಲಿ ನಿಧಾನವಾಗಿ ನಡೆಯುವವರು ಯಾರು? ಅವರಿಗೆ ನೀವು ಹೇಗೆ ನೆರವಾಗುವಿರಿ?
3. ಶಿಕ್ಷಕರಿಗೆ ಇನ್ನೂ ತಿಳಿಸದಿರುವ ಕಾಯಿಲೆ ಯಾವುದಾದರೂ ಇದೆಯೇ?